ಅರ್ಧಕ್ಕೆ ನಿಂತ ಮನೆ, ಅರ್ಧಕ್ಕೆ ಬಿಟ್ಟ ಮಾತು

ಅದೊಂದು ಹಳೆಯ ಹೆಂಚಿನ ಮನೆ. ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಹಿಂಬದಿಯ ಕೋಣೆ ಪ್ರತಿ ಮಳೆಗಾಲದಲ್ಲೂ ಸೋರುತ್ತಿತ್ತು. ಬಚ್ಚಲಿಗೆ ಹೋಗಬೇಕಾದರೆ ಅಂಗಳ ದಾಟಬೇಕು. ಮನೆಯ ಯಜಮಾನ ಸೌದಿ ಅರೇಬಿಯದಲ್ಲಿ ದುಡಿಯುತ್ತಾನೆ. ಊರಿನಲ್ಲಿ ಅವನ ಪತ್ನಿ, ಇಬ್ಬರು ಮಕ್ಕಳು ಮತ್ತು ಉಬ್ಬಸದಿಂದ ಬಳಲುತ್ತಿರುವ ವೃದ್ಧ ತಾಯಿ. ವರ್ಷಗಟ್ಟಲೆ ಉಳಿಸಿದ ಹಣದಿಂದ ಹಿಂಬದಿಯ ಮಾಡು ತೆಗೆದು ಸ್ಲ್ಯಾಬ್ ಹಾಕಿಸಬೇಕು, ಒಂದು ಕೋಣೆ ಹೆಚ್ಚಿಸಬೇಕು, ಉಮ್ಮನಿಗೆ ಒಳಗೇ ಒಂದು ಬಚ್ಚಲು ಕಟ್ಟಿಸಬೇಕು ಎಂದು ಅವರು ನಿರ್ಧರಿಸಿದರು.

ಕೆಲಸ ವಹಿಸಿಕೊಂಡವರು ಅದೇ ಜಮಾಅತಿನ ಒಬ್ಬ ಗುತ್ತಿಗೆದಾರರು. ದೂರದ ಸಂಬಂಧಿಕರು ಕೂಡ. ಒಟ್ಟು 6 ಲಕ್ಷ ರೂಪಾಯಿಗೆ ಮಾತಾಯಿತು. "ನಮ್ಮೊಳಗೆ ಕಾಗದ ಪತ್ರ ಏಕೆ? ರಮಝಾನ್‌ಗೆ ಮುಂಚೆ ಮುಗಿಸಿ ಕೊಡುತ್ತೇನೆ, ಇನ್‌ಶಾ ಅಲ್ಲಾಹ್" ಎಂದರು ಅವರು. 2024ರ ಜನವರಿಯಲ್ಲಿ ಮಾಡು ಇಳಿಸಿದರು. ಹಣ ಕೇಳಿದಾಗಲೆಲ್ಲ ಯಜಮಾನ ಕಳುಹಿಸುತ್ತಾ ಹೋದ. 4,20,000 ರೂಪಾಯಿ ಸಂದಾಯವಾಯಿತು. ಮಾರ್ಚ್‌ನಲ್ಲಿ ರಮಝಾನ್ ಬಂತು, ಹೋಯಿತು. ಗೋಡೆಗಳು ಎದ್ದಿದ್ದವು, ಮೇಲೆ ಆಕಾಶವಿತ್ತು. "ನಾಳೆ ಜನ ಕಳಿಸುತ್ತೇನೆ ತಂಗಿ" ಎಂಬ ಮಾತು ಮಾತ್ರ ದಿನವೂ ಬರುತ್ತಿತ್ತು. ಜೂನ್‌ನಲ್ಲಿ ಬಕ್ರೀದ್ ಹಬ್ಬದ ದಿನ ಆ ಮನೆಯ ಅರ್ಧ ಭಾಗದ ಮೇಲೆ ಟಾರ್ಪಾಲಿತ್ತು. ತೇವದ ಗೋಡೆಯ ನಡುವೆ ಉಸಿರಾಡಲಾಗದೆ ಆ ತಾಯಿ ನೆರೆಮನೆಯಲ್ಲಿ ಮಲಗುತ್ತಿದ್ದರು.

ಒಂದು ಬೆಳಗ್ಗೆ ಗಾರೆ ಕೆಲಸದ ನಾಲ್ವರು ಗೇಟಿನ ಬಳಿ ಬಂದು ನಿಂತರು. "ಅಕ್ಕಾ, ನಮಗೆ ಬರಬೇಕಾದ ಕೂಲಿ ಸಿಕ್ಕಿಲ್ಲ. ಅವರನ್ನು ಕೇಳಿದರೆ ನಿಮ್ಮ ಮನೆಯಿಂದ ಹಣ ಬಂದಿಲ್ಲ ಎನ್ನುತ್ತಾರೆ" ಎಂದರು. ಆ ಹೆಣ್ಣುಮಗಳು ದಿಗ್ಭ್ರಾಂತಳಾದಳು. ಕೊಟ್ಟ ಹಣ ಎಲ್ಲಿ ಹೋಯಿತು? ಅದಕ್ಕೆ ಲೆಕ್ಕ ಎಲ್ಲಿದೆ? ಕೇಳುವುದು ಯಾರನ್ನು?

ಪ್ರಿಯ ಓದುಗರೇ, ಇದು ಒಂದು ಮನೆಯ ಕಥೆ ಮಾತ್ರವೇ? ನಿಮ್ಮ ಮೊಹಲ್ಲಾದಲ್ಲೂ ಇಂತಹ ಒಂದು ಮನೆ ಇರಬಹುದು. ಬಹುಶಃ ಅದು ನಿಮ್ಮದೇ ಮನೆಯಾಗಿರಬಹುದು. ಅಥವಾ ಆ ಗುತ್ತಿಗೆದಾರ ನೀವೇ ಆಗಿರಬಹುದು. ಈ ಪಾಠವು ಇಬ್ಬರಿಗೂ ಸಂಬಂಧಿಸಿದ್ದಾಗಿದೆ.

ಕರಾರು ಕೂಡ ಧರ್ಮದ ಭಾಗ

ನಮ್ಮಲ್ಲಿ ಹೆಚ್ಚಿನವರು ನಮಾಝ್, ಉಪವಾಸಗಳನ್ನು ಧರ್ಮವೆಂದೂ ಮನೆ ಕಟ್ಟಿಸುವುದನ್ನು ಲೌಕಿಕವೆಂದೂ ಬೇರೆ ಬೇರೆಯಾಗಿ ಕಾಣುತ್ತಾರೆ. ಕುರ್‌ಆನ್ ಹಾಗೆ ಕಾಣುವುದಿಲ್ಲ. ಸೂರಃ ಅಲ್ ಮಾಇದಃ ಆರಂಭವಾಗುವುದೇ ಕರಾರುಗಳನ್ನು ಈಡೇರಿಸಬೇಕೆಂಬ ಆಜ್ಞೆಯಿಂದ. ಕೊಟ್ಟ ಮಾತಿನ ಕುರಿತು ವಿಚಾರಣೆ ನಡೆಯಲಿದೆಯೆಂದು ಸೂರಃ ಬನೀ ಇಸ್ರಾಈಲ್ ಎಚ್ಚರಿಸುತ್ತದೆ.

ಪ್ರವಾದಿ ಮೂಸಾರವರ(ಅ) ಜೀವನದಲ್ಲಿ ದುಡಿಮೆಗೆ ಸಂಬಂಧಿಸಿದ ಎರಡು ಘಟನೆಗಳಿವೆ. ಮದ್‌ಯನ್‌ನಲ್ಲಿ ಅವರು ಒಬ್ಬ ವೃದ್ಧರ ಬಳಿ ಎಂಟು ವರ್ಷ ದುಡಿಯುವುದೆಂದೂ ಹತ್ತು ವರ್ಷ ಪೂರ್ಣಗೊಳಿಸಿದರೆ ಅದು ಅವರ ಔದಾರ್ಯವೆಂದೂ ಒಪ್ಪಂದವಾಯಿತು. ಅವಧಿ ಸ್ಪಷ್ಟವಾಗಿತ್ತು, ಕಡ್ಡಾಯ ಯಾವುದು, ಐಚ್ಛಿಕ ಯಾವುದು ಎಂಬುದೂ ಸ್ಪಷ್ಟವಾಗಿತ್ತು. ಕೆಲಸ ಮಾಡಿಸುವವರು ತಾನು ತೊಂದರೆ ಕೊಡಲು ಬಯಸುವುದಿಲ್ಲ ಎಂದರು. ಕೊನೆಗೆ ಇಬ್ಬರೂ ಅಲ್ಲಾಹನನ್ನು ಸಾಕ್ಷಿಯಾಗಿಸಿದರು. ಎರಡನೆಯ ಘಟನೆ ಒಂದು ಗೋಡೆಯದ್ದು. ಉಪಚಾರ ನಿರಾಕರಿಸಿದ ಊರಿನಲ್ಲಿ ಬೀಳಲಿದ್ದ ಗೋಡೆಯನ್ನು ಖಿಝ್ರ್(ಅ) ಸರಿಪಡಿಸಿದಾಗ, ಇದಕ್ಕೆ ಕೂಲಿ ಪಡೆಯಬಹುದಿತ್ತಲ್ಲ ಎಂದು ಮೂಸಾ(ಅ) ಕೇಳಿದರು. ಆ ಗೋಡೆಯಡಿ ಇಬ್ಬರು ಅನಾಥರ ನಿಧಿಯಿತ್ತೆಂದು ನಂತರ ತಿಳಿಯಿತು. ಒಂದು ಗೋಡೆಯ ಹಿಂದೆ ಯಾರ ಬದುಕು ಅಡಗಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ನಿಮ್ಮ ಮನೆಯ ಗೋಡೆಯ ಹಿಂದೆಯೂ ಕೆಲವು ಕೂಲಿಕಾರರ ಮನೆಯ ಒಲೆ ಇದೆ.

ಬರೆದಿಡಿರಿ, ನಾಚಿಕೆ ಬೇಡ

ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದೆಂದು ಬಲ್ಲಿರಾ? ಸೂರಃ ಅಲ್ ಬಕರಃದ 282ನೇ ಸೂಕ್ತ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಅವಧಿಯನ್ನು ನಮೂದಿಸಬೇಕು, ನ್ಯಾಯವಾಗಿ ಬರೆಯಬೇಕು, ಹೊಣೆ ಹೊತ್ತವನು ಹೇಳಿ ಬರೆಯಿಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದು ಎಂಬುದು ಅದರ ಆಶಯ. ಹೀಗೆ ಬರೆಯುವುದರಿಂದ ಸಂಶಯಕ್ಕೆ ಎಡೆ ಕಡಿಮೆಯಾಗುತ್ತದೆಂದೂ ಅಲ್ಲಿ ತಿಳಿಸಲಾಗಿದೆ.

ಗಮನಿಸಿರಿ, ಬರವಣಿಗೆಯು ಅವಿಶ್ವಾಸದ ಗುರುತಲ್ಲ. ಅದು ಸಂಬಂಧವನ್ನು ಸಂಶಯದಿಂದ ಕಾಪಾಡುವ ಬೇಲಿ. "ನಮ್ಮೊಳಗೆ ಏಕೆ?" ಎಂದು ಹೇಳುವವರು ನೆನಪಿಡಲಿ, ನಮ್ಮೊಳಗೇ ಆದ್ದರಿಂದ ಬರೆಯಬೇಕು. ಪರಕೀಯನೊಡನೆ ಜಗಳವಾದರೆ ಹಣ ಮಾತ್ರ ಹೋಗುತ್ತದೆ. ಸಂಬಂಧಿಕನೊಡನೆ ಜಗಳವಾದರೆ ಹಣದೊಂದಿಗೆ ಕುಟುಂಬ ಸಂಬಂಧವೂ ಕಡಿಯುತ್ತದೆ.

ಏನೇನು ಬರೆಯಬೇಕು? ದೊಡ್ಡ ವಕೀಲರ ಭಾಷೆ ಬೇಕಿಲ್ಲ. ಎರಡು ಹಾಳೆ ಸಾಕು.

1. ಯಾವ ಯಾವ ಕೆಲಸ, ಎಷ್ಟು ಅಳತೆ. ಕೋಣೆಯ ಉದ್ದಗಲ, ಸ್ಲ್ಯಾಬಿನ ದಪ್ಪ, ಬಾಗಿಲು ಕಿಟಕಿಗಳ ಸಂಖ್ಯೆ.

2. ಸಾಮಗ್ರಿ ಯಾರದು. ಸಿಮೆಂಟು, ಕಬ್ಬಿಣ, ಮರಳು, ಕೆಂಪುಕಲ್ಲು, ಟೈಲ್ಸ್ ಇವುಗಳಲ್ಲಿ ಯಾವುದನ್ನು ಯಾರು ತರುತ್ತಾರೆ, ಯಾವ ದರ್ಜೆಯದ್ದು.

3. ಒಟ್ಟು ಹಣ ಮತ್ತು ಕಂತುಗಳು. ಯಾವ ಹಂತಕ್ಕೆ ಎಷ್ಟು.

4. ಆರಂಭದ ದಿನ, ಮುಗಿಸುವ ದಿನ, ಮಳೆಯಂತಹ ಕಾರಣಗಳಿಗೆ ಕೊಡುವ ಹೆಚ್ಚಿನ ಅವಧಿ.

5. ನಡುವೆ ಬದಲಾವಣೆ ಬೇಕಾದರೆ ಅದರ ಖರ್ಚು ಮತ್ತು ದಿನಗಳನ್ನು ಮೊದಲು ಬರೆದು, ನಂತರ ಕೆಲಸ ಮಾಡುವುದು.

6. ಭಿನ್ನಾಭಿಪ್ರಾಯ ಬಂದರೆ ಯಾರು ತೀರ್ಮಾನಿಸಬೇಕು.

7. ಯಜಮಾನ ಪರದೇಶದಲ್ಲಿದ್ದರೆ ಅವನ ಪರವಾಗಿ ಮಾತಾಡುವ ಅಧಿಕಾರ ಯಾರಿಗೆ.

ಈ ಕೊನೆಯ ವಿಷಯವನ್ನು ಗಲ್ಫ್‌ನಲ್ಲಿರುವ ಸಹೋದರರು ವಿಶೇಷವಾಗಿ ಗಮನಿಸಬೇಕು. ನೀವು ಫೋನಿನಲ್ಲಿ ಒಂದು ಹೇಳುತ್ತೀರಿ, ಮನೆಯಲ್ಲಿ ಪತ್ನಿ ಇನ್ನೊಂದು ಹೇಳುತ್ತಾಳೆ, ಭಾವ ಬಂದು ಮೂರನೆಯದ್ದು ಹೇಳುತ್ತಾರೆ. ಗುತ್ತಿಗೆದಾರ ಯಾರ ಮಾತು ಕೇಳಬೇಕು? ದಿನವೂ ಸಿಮೆಂಟಿನ ಧೂಳು ಕುಡಿಯುವವಳು ಮನೆಯಲ್ಲಿರುವ ಹೆಣ್ಣುಮಗಳು. ಹೊಣೆಯನ್ನು ಅವಳ ಮೇಲೆ ಹೊರಿಸಿ ಅಧಿಕಾರವನ್ನು ಮಾತ್ರ ನೀವಿಟ್ಟುಕೊಳ್ಳುವುದು ನ್ಯಾಯವಲ್ಲ.

ಹಣವು ಕೆಲಸದ ಜೊತೆ ನಡೆಯಲಿ

ಹನಫೀ ವಿದ್ವಾಂಸರು ಹೇಳಿ ಮಾಡಿಸುವ ವಸ್ತುವಿನ ಕರಾರನ್ನು 'ಇಸ್ತಿಸ್ನಾ' ಎಂಬ ಹೆಸರಿನಲ್ಲಿ ಅಂಗೀಕರಿಸಿದ್ದಾರೆ. ಅದರಲ್ಲಿ ಪೂರ್ಣ ಬೆಲೆಯನ್ನು ಮುಂಗಡವಾಗಿ ಕೊಡಬೇಕಾಗಿಲ್ಲ, ಕಂತುಗಳಲ್ಲಿ ಕೊಡಬಹುದು. ಶಾಫಿಈ ವಿದ್ವಾಂಸರು ಇಂತಹ ಕೆಲಸವನ್ನು ಕೂಲಿ ಕರಾರಿನ ನಿಯಮಗಳಡಿಯಲ್ಲಿ ನೋಡುತ್ತಾರೆ. ಆದರೆ ಕೆಲಸವೂ ಪ್ರತಿಫಲವೂ ಅಸ್ಪಷ್ಟವಾಗಿರಬಾರದು ಎಂಬುದು ಎಲ್ಲರ ಕಾಳಜಿ. "ನೋಡಿಕೊಂಡು ಕೊಡಿ", "ಕೊನೆಗೆ ಲೆಕ್ಕ ಮಾಡುವಾ" ಎಂಬ ಮಾತುಗಳೇ ಹೆಚ್ಚಿನ ಜಗಳಗಳ ಬೀಜ.

6 ಲಕ್ಷದ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಆರಂಭಕ್ಕೆ 60,000. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಾಗ 1,20,000. ಕಬ್ಬಿಣ ಕಟ್ಟಿ ಸ್ಲ್ಯಾಬ್ ಹಾಕಿದಾಗ 1,80,000. ಗಿಲಾವು, ವಯರಿಂಗ್, ನೀರಿನ ಪೈಪು ಮುಗಿದಾಗ 1,20,000. ಟೈಲ್ಸ್, ಬಾಗಿಲು, ಬಣ್ಣ ಮುಗಿದಾಗ 90,000. ಉಳಿದ 30,000 ರೂಪಾಯಿ, ಮೊದಲ ಮಳೆಗೆ ಸೋರುವುದಿಲ್ಲವೆಂದು ಖಚಿತವಾದ ಮೇಲೆ. ಅಂಕಿಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ನಿಯಮ ಒಂದೇ: ಹಣವು ಕೆಲಸವನ್ನು ಬಹಳ ಹಿಂದೆ ಹಾಕಿ ಓಡಬಾರದು, ಬಹಳ ಹಿಂದೆಯೂ ಉಳಿಯಬಾರದು. ಪ್ರತಿ ಕಂತಿಗೂ ಒಂದು ರಸೀದಿ ಇರಲಿ.

ಇನ್ನೊಂದು ಮಾತು. ಕೊನೆಯ ಕಂತನ್ನು ತಡೆಹಿಡಿಯುವ ಶರತ್ತು ಮೊದಲೇ ಇಬ್ಬರೂ ಒಪ್ಪಿದ್ದಾಗಿರಬೇಕು. ಕೆಲಸವೆಲ್ಲ ಸರಿಯಾಗಿ ಮುಗಿದ ಮೇಲೆ, ಹಣ ಕೈಯಲ್ಲಿದ್ದರೂ, ನೆಪ ಹುಡುಕಿ ತಿಂಗಳುಗಟ್ಟಲೆ ಸತಾಯಿಸುವುದು ಬೇರೆಯೇ ವಿಷಯ. ಕೊಡಲು ಶಕ್ತನಾಗಿದ್ದೂ ಮುಂದೂಡುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದಿದ್ದಾರೆ. ಬೆವರು ಒಣಗುವ ಮೊದಲೇ ಕೂಲಿ ಕೊಡಬೇಕೆಂದು ಕಲಿಸಿದವರೂ ಅವರೇ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ವಾದಿಸುವವನು ಸ್ವತಃ ಅಲ್ಲಾಹನು ಎಂದು ಬುಖಾರಿಯ ಒಂದು ಹದೀಸ್‌ನಿಂದ ತಿಳಿಯುತ್ತದೆ. ಆ ಮೊಕದ್ದಮೆಯಲ್ಲಿ ಗೆಲ್ಲುವವರು ಯಾರಿದ್ದಾರೆ?

ಎಲ್ಲ ವಿಳಂಬವೂ ವಂಚನೆಯಲ್ಲ

ಕೋಪಿಸಿಕೊಳ್ಳುವ ಮೊದಲು ವಿಳಂಬದ ಕಾರಣವನ್ನು ವಿಚಾರಿಸಿರಿ. ಕೆಲವು ವಿಳಂಬಗಳು ಅಗತ್ಯವಾದವು. ಸ್ಲ್ಯಾಬ್ ಹಾಕಿದ ಮೇಲೆ ಕೆಲಸಗಾರರು ಕಾಣದಿದ್ದರೆ ಮನೆಯವರಿಗೆ ಗಾಬರಿಯಾಗುತ್ತದೆ. ಆದರೆ ಕಾಂಕ್ರೀಟ್‌ಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಬೇಕೆಂದು ಭಾರತೀಯ ಮಾನಕವು ಹೇಳುತ್ತದೆ. ಅಡಿಯ ಆಸರೆಗಳನ್ನು 4.5 ಮೀಟರ್ ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ತೆಗೆಯಬಾರದು. ಇಲ್ಲಿ ಅವಸರಪಡಿಸುವವನು ತನ್ನ ಮಕ್ಕಳ ತಲೆಯ ಮೇಲಿನ ಮಾಡನ್ನೇ ದುರ್ಬಲಗೊಳಿಸುತ್ತಾನೆ. ಮಳೆಗಾಲದಲ್ಲಿ ಮರಳು ಸಿಗುವುದು ಕಷ್ಟ. ಹೊರರಾಜ್ಯದ ಕೆಲಸಗಾರರು ಹಬ್ಬಕ್ಕೆ, ಚುನಾವಣೆಗೆ ಊರಿಗೆ ಹೋಗುತ್ತಾರೆ.

ಕೆಲವು ವಿಳಂಬಗಳಿಗೆ ನಾವೇ ಕಾರಣರು. ಗೋಡೆ ಎದ್ದ ಮೇಲೆ ಕಿಟಕಿ ಅತ್ತ ಬೇಡ ಇತ್ತ ಬೇಕು ಎನ್ನುತ್ತೇವೆ. ಟೈಲ್ಸ್ ಆರಿಸಲು ಮೂರು ವಾರ ಕಳೆಯುತ್ತೇವೆ. ಹಂತ ಮುಗಿದರೂ ಹಣ ಕಳುಹಿಸುವುದಿಲ್ಲ. ಅಳೆದು ಪಡೆಯುವಾಗ ಪೂರ್ತಿಯಾಗಿ ಪಡೆದು, ಅಳೆದು ಕೊಡುವಾಗ ಕಡಿಮೆ ಕೊಡುವವರಿಗೆ ವಿನಾಶವಿದೆಯೆಂದು ಸೂರಃ ಅಲ್ ಮುತಫ್ಫಿಫೀನ್ ಎಚ್ಚರಿಸುತ್ತದೆ. ಆ ಮಾತು ಅಂಗಡಿಯ ತಕ್ಕಡಿಗೆ ಮಾತ್ರವೇ? ಇತರರ ತಪ್ಪನ್ನು ದಿನಗಳಲ್ಲಿ ಎಣಿಸಿ, ನಮ್ಮ ತಪ್ಪನ್ನು ಎಣಿಸದೇ ಇರುವುದೂ ಒಂದು ಬಗೆಯ ಕಳ್ಳ ಅಳತೆಯೇ.

ಇನ್ನು ಮೂರನೆಯ ಬಗೆಯ ವಿಳಂಬ. ಒಂದು ಮನೆಯ ಹಣದಿಂದ ಇನ್ನೊಂದು ಮನೆಯ ಕೆಲಸ, ಆ ಮನೆಯ ಹಣದಿಂದ ಮೂರನೆಯದ್ದು. ನಮ್ಮ ಕಥೆಯಲ್ಲಿ ನಡೆದದ್ದೂ ಇದೇ. ಆ ಗುತ್ತಿಗೆದಾರರು ಇವರ ಹಣವನ್ನು ಬೇರೊಂದು ಕಟ್ಟಡಕ್ಕೆ ಹಾಕಿದ್ದರು. ಆ ಕಟ್ಟಡದ ಧನಿಕ ಮಾಲೀಕ ಹಣ ಕೊಡದೆ ಸತಾಯಿಸಿದ. ಒಬ್ಬ ಶ್ರೀಮಂತನ ಅಕ್ರಮವು ಗುತ್ತಿಗೆದಾರನನ್ನು ಸುಳ್ಳುಗಾರನನ್ನಾಗಿಸಿತು, ನಾಲ್ವರ ಕೂಲಿ ತಡೆಯಿತು, ಒಬ್ಬ ವೃದ್ಧೆಯನ್ನು ಸ್ವಂತ ಮನೆಯಿಂದ ಹೊರಗೆ ಮಲಗಿಸಿತು. ಅಕ್ರಮವು ಯಾವತ್ತೂ ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ.

ಇಲ್ಲಿ 'ಇನ್‌ಶಾ ಅಲ್ಲಾಹ್' ಎಂಬ ಪವಿತ್ರ ವಚನದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಳೆ ಬರುವುದಿಲ್ಲವೆಂದು ತಿಳಿದೂ ಆ ಮಾತನ್ನು ಹೇಳುವವನು ತನ್ನ ಸುಳ್ಳಿಗೆ ಅಲ್ಲಾಹನ ನಾಮದ ಹೊದಿಕೆ ಹೊದಿಸುತ್ತಿದ್ದಾನೆ. ಪೂರ್ಣ ಸಂಕಲ್ಪವಿದ್ದು, ಅದರ ಸಫಲತೆಯನ್ನು ಅಲ್ಲಾಹನಿಗೆ ಒಪ್ಪಿಸುವವನ ಮಾತು ಅದು. ಅದು ತಪ್ಪಿಸಿಕೊಳ್ಳುವವನ ಮಾತಲ್ಲ.

ದಂಡ ವಿಧಿಸಬಹುದೇ?

ಇದು ಅನೇಕರು ಕೇಳುವ ಪ್ರಶ್ನೆ. ಇಸ್ಲಾಮೀ ಸಮ್ಮೇಳನ ಸಂಘಟನೆಯ ಫಿಕ್ಹ್ ಅಕಾಡಮಿಯು 1992ರಲ್ಲಿ ಜಿದ್ದಾದಲ್ಲಿ ನಡೆದ ಅಧಿವೇಶನದಲ್ಲಿ, ಇಸ್ತಿಸ್ನಾ ಕರಾರಿನಲ್ಲಿ ಉಭಯರೂ ಒಪ್ಪಿ ದಂಡದ ಶರತ್ತನ್ನು ಸೇರಿಸಬಹುದೆಂದೂ ಕೈಮೀರಿದ ಪರಿಸ್ಥಿತಿಯಲ್ಲಿ ಅದು ಅನ್ವಯಿಸದೆಂದೂ ತೀರ್ಮಾನಿಸಿತು. 2000ರಲ್ಲಿ ರಿಯಾದ್‌ನ ಅಧಿವೇಶನದಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಲಾಯಿತು. ಕೆಲಸ ತಡವಾದುದಕ್ಕೆ ಗುತ್ತಿಗೆದಾರನ ಮೇಲೆ ಇಂತಹ ಶರತ್ತು ಹಾಕಬಹುದು. ಆದರೆ ಬಾಕಿ ಉಳಿದ ಹಣ, ಅಂದರೆ ಸಾಲ, ತಡವಾದುದಕ್ಕೆ ಹೆಚ್ಚುವರಿ ಹಣ ಪಡೆಯುವಂತಿಲ್ಲ. ಏಕೆಂದರೆ ಅದು ಬಡ್ಡಿಯಾಗುತ್ತದೆ.

ಈ ವ್ಯತ್ಯಾಸವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ. ವಾರಕ್ಕೆ ಇಷ್ಟು ಕಡಿತವೆಂದು ಮೊದಲೇ ಬರೆದಿದ್ದರೆ, ಕಾರಣವಿಲ್ಲದ ವಿಳಂಬಕ್ಕೆ ಅಷ್ಟನ್ನು ಬಿಲ್ಲಿನಿಂದ ಕಳೆಯಬಹುದು. ಬರೆಯದೇ ಇದ್ದ ದಂಡವನ್ನು ಕೊನೆಯಲ್ಲಿ ಸ್ವಂತ ಇಷ್ಟದಿಂದ ಕಡಿತ ಮಾಡುವುದು ಇತರರ ಸೊತ್ತಿಗೆ ಕೈ ಹಾಕಿದಂತೆ. ಭಾರತದ ಕಾನೂನಿನಲ್ಲೂ, 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಬರೆದ ಮೊತ್ತವನ್ನು ಮೀರದ ನ್ಯಾಯಯುತ ಪರಿಹಾರವನ್ನಷ್ಟೇ ನ್ಯಾಯಾಲಯ ಕೊಡಿಸುತ್ತದೆ. ನಿಮ್ಮ ಊರಿನ ವಿದ್ವಾಂಸರನ್ನೂ ವಿಚಾರಿಸಿ ಶರತ್ತನ್ನು ಬರೆಯಿರಿ.

ಕೆಲಸ ನಿಂತಾಗ ಏನು ಮಾಡಬೇಕು?

ಮೊದಲನೆಯದಾಗಿ, ಮುಂದಿನ ಹಣ ನಿಲ್ಲಿಸಿ ಲೆಕ್ಕಕ್ಕೆ ಕುಳಿತುಕೊಳ್ಳಿ. "ಇನ್ನೂ 50,000 ಕೊಟ್ಟರೆ ಕೆಲಸ ಆರಂಭಿಸುತ್ತೇನೆ" ಎಂಬ ಮಾತಿಗೆ ಭಯದಿಂದ ಹಣ ಕೊಡಬೇಡಿ. ಆಗಿರುವ ಕೆಲಸವನ್ನು ಇಬ್ಬರಿಗೂ ಒಪ್ಪಿಗೆಯಾದ ಒಬ್ಬ ಇಂಜಿನಿಯರರಿಂದ ಅಳತೆ ಮಾಡಿಸಿರಿ. ಫೋಟೋ ತೆಗೆದಿಡಿ.

ಎರಡನೆಯದಾಗಿ, ಮುಖತಃ ಮಾತಾಡಿದ ಮೇಲೆ ಬರಹದಲ್ಲಿ ತಿಳಿಸಿರಿ. ಬಾಕಿ ಕೆಲಸದ ಪಟ್ಟಿ, ಹೊಸ ದಿನಾಂಕ, ಅದು ತಪ್ಪಿದರೆ ನೀವು ಕೈಗೊಳ್ಳುವ ಕ್ರಮ. ಬೈಗುಳ ಬೇಡ, ಬೆದರಿಕೆ ಬೇಡ.

ಮೂರನೆಯದಾಗಿ, ಕೂಲಿಕಾರರನ್ನು ಮರೆಯಬೇಡಿ. ಅವರು ನಿಮ್ಮ ಗೋಡೆಗೆ ಬೆವರು ಸುರಿಸಿದವರು. ಗುತ್ತಿಗೆದಾರನ ಒಪ್ಪಿಗೆಯಿಂದ, ಅವನ ಲೆಕ್ಕಕ್ಕೆ ಹಿಡಿದು, ಅವರ ಕೂಲಿಯನ್ನು ನೇರವಾಗಿ ಕೊಟ್ಟು ಸಹಿ ಪಡೆಯಬಹುದು. ಇಬ್ಬರು ದೊಡ್ಡವರ ಜಗಳದಲ್ಲಿ ಬಡವನ ಅನ್ನ ಸಿಲುಕಬಾರದು.

ನಾಲ್ಕನೆಯದಾಗಿ, ಸಂಧಾನ. ವಿಶ್ವಾಸಿಗಳ ನಡುವೆ ಸಂಧಾನ ಮಾಡಿಸುವುದು ಕುರ್‌ಆನಿನ ಆಜ್ಞೆ. ಎರಡೂ ಕಡೆಯವರು ನಂಬುವ ಇಬ್ಬರನ್ನು ಆರಿಸಿರಿ. ಅವರಲ್ಲಿ ಒಬ್ಬರಾದರೂ ಕಟ್ಟಡದ ಕೆಲಸ ಬಲ್ಲವರಾಗಿರಲಿ. ತೀರ್ಮಾನವನ್ನು ಬರೆದು ಸಹಿ ಹಾಕಿರಿ.

ಐದನೆಯದಾಗಿ, ಕಾನೂನು. ಸಂಧಾನ ಫಲಿಸದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅಪರಾಧವಲ್ಲ, ಅದು ಹಕ್ಕು. ಮನೆ ನಿರ್ಮಾಣವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿಯಲ್ಲಿ 'ಸೇವೆ'ಯಾಗಿದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಎರಡು ವರ್ಷದೊಳಗೆ ಕೊಡಬೇಕು. ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ನ್ಯಾಯಾಲಯದ ತೀರ್ಪಿನಷ್ಟೇ ಬಲವಿದೆ. ಪತಿ ಪರದೇಶದಲ್ಲಿರುವ ಸಹೋದರಿಯರು ಇದನ್ನು ತಿಳಿದಿರಬೇಕು.

ಆದರೆ ಒಂದು ಎಚ್ಚರಿಕೆ. ದೂರಿನಲ್ಲಿ ಒಂದು ರೂಪಾಯಿಯನ್ನೂ ಹೆಚ್ಚಿಸಿ ಬರೆಯಬೇಡಿ. ವಾದ ಚಾತುರ್ಯದಿಂದ ಗೆದ್ದು ಪಡೆದ ಇತರರ ಹಕ್ಕು ನರಕಾಗ್ನಿಯ ಒಂದು ತುಂಡೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ತಾವೇ ತೀರ್ಪು ಕೊಟ್ಟಿದ್ದರೂ ಅದು ಹಾಗೆಯೇ ಎಂದಿದ್ದಾರೆ.

ಮಾಡಬಾರದ ಕೆಲಸಗಳು

ಕೋಪದಲ್ಲಿ ಮನುಷ್ಯ ತನ್ನ ನ್ಯಾಯವಾದ ಹಕ್ಕನ್ನೂ ಪಾಪವನ್ನಾಗಿ ಮಾಡಿಕೊಳ್ಳುತ್ತಾನೆ. ಗುತ್ತಿಗೆದಾರನ ಸೆಂಟ್ರಿಂಗ್ ಹಲಗೆ, ಮಿಕ್ಸರ್ ಯಂತ್ರಗಳನ್ನು ಬೀಗ ಹಾಕಿ ಇಟ್ಟುಕೊಳ್ಳಬೇಡಿ. ಅವು ಬೇರೆಯವರಿಂದ ಬಾಡಿಗೆಗೆ ತಂದದ್ದಾಗಿರಬಹುದು. ವಸೂಲಿಗೆ ರೌಡಿಗಳನ್ನು ಕಳುಹಿಸಬೇಡಿ. ಲಂಚ ಕೊಟ್ಟು ಪೊಲೀಸರಿಂದ ಹೆದರಿಸಬೇಡಿ. ಬಾಕಿ ಕೆಲಸ ಮುಗಿಸುವ ಆತುರದಲ್ಲಿ ಬಡ್ಡಿ ಸಾಲಕ್ಕೆ ಕೈ ಹಾಕಬೇಡಿ. ಅರ್ಧ ಮನೆಯಲ್ಲಿ ಇನ್ನೊಂದು ಮಳೆಗಾಲ ಕಳೆಯಬಹುದು. ಬಡ್ಡಿಯ ಮಾಡಿನಡಿಯಲ್ಲಿ ನೆಮ್ಮದಿಯಿಲ್ಲ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವನ ಹೆಸರು, ಫೋಟೋ ಹಾಕಿ ಮಾನ ಹರಾಜು ಹಾಕುವುದೂ ಇಂದು ಸಾಮಾನ್ಯವಾಗಿದೆ. ಇಮಾಮ್ ನವವೀಯವರು(ರ) ತಮ್ಮ ರಿಯಾದುಸ್ಸಾಲಿಹೀನ್ ಗ್ರಂಥದಲ್ಲಿ ಪರರ ಕುಂದನ್ನು ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ವಿವರಿಸಿದ್ದಾರೆ. ನ್ಯಾಯ ಕೊಡಿಸಬಲ್ಲವರ ಮುಂದೆ ದೂರುವುದು, ಸಲಹೆ ಕೇಳಿದವನನ್ನು ಎಚ್ಚರಿಸುವುದು ಇವು ಅದರಲ್ಲಿ ಸೇರಿವೆ. "ಅವರಿಗೆ ಕೆಲಸ ಕೊಡಬಹುದೇ?" ಎಂದು ಒಬ್ಬರು ಕೇಳಿದರೆ ನಿಮ್ಮ ಅನುಭವವನ್ನು ಇದ್ದ ಹಾಗೆ ಹೇಳಿರಿ. ಅದು ಹಿತಚಿಂತನೆ. ಆದರೆ ಅವನ ಮಗಳ ಮದುವೆಯ ಖರ್ಚು, ಅವನ ಮನೆಯ ಜಗಳ ಇವುಗಳನ್ನೆಲ್ಲ ಸೇರಿಸಿ ಮದುವೆ ಮನೆಯಲ್ಲಿ ಕುಳಿತು ಹಂಚುವುದು ಪರದೂಷಣೆ. ಅದರಿಂದ ನಿಮ್ಮ ಹಣ ಬರುವುದಿಲ್ಲ, ನಿಮ್ಮ ಪುಣ್ಯ ಅವನ ಖಾತೆಗೆ ಹೋಗುತ್ತದೆ.

ಗುತ್ತಿಗೆದಾರ ಸಹೋದರರೇ

ನಿಮ್ಮ ಕಷ್ಟಗಳು ಸಣ್ಣವಲ್ಲ. ಸಾಮಗ್ರಿಗಳ ಬೆಲೆ ಏರುತ್ತದೆ, ಕೆಲಸಗಾರರು ಕೈಕೊಡುತ್ತಾರೆ, ಧನಿಕರು ಬಾಕಿ ಇಡುತ್ತಾರೆ. ಆದರೂ ಒಂದು ಮನೆಗೆಂದು ಪಡೆದ ಮುಂಗಡ ನಿಮ್ಮ ಕೈಯಲ್ಲಿರುವ ಅಮಾನತ್ ಎಂಬುದನ್ನು ಮರೆಯಬೇಡಿ. ಪ್ರತಿ ಮನೆಗೂ ಬೇರೆ ಲೆಕ್ಕ ಪುಸ್ತಕವಿಡಿ. ಹಿಡಿಯಲಾಗದಷ್ಟು ಕೆಲಸ ಹಿಡಿಯಬೇಡಿ. ತಡವಾಗುವುದಾದರೆ ತಿಳಿದ ದಿನವೇ ಹೇಳಿರಿ. ಫೋನ್ ಎತ್ತದೇ ಇರುವುದು ಪರಿಹಾರವಲ್ಲ. ಮಾತಾಡಿದರೆ ಸುಳ್ಳು, ಮಾತು ಕೊಟ್ಟರೆ ಉಲ್ಲಂಘನೆ, ನಂಬಿದರೆ ವಂಚನೆ ಇವುಗಳನ್ನು ಪ್ರವಾದಿವರ್ಯರು(ಸ) ಕಪಟಿಯ ಲಕ್ಷಣಗಳೆಂದಿದ್ದಾರೆ. ಮೂರನೆಯ ತಿಂಗಳ "ನಾಳೆ"ಯಲ್ಲಿ ಈ ಮೂರೂ ಒಟ್ಟಿಗೇ ಸೇರಿವೆಯಲ್ಲವೇ?

ಮನೆಯವರು ಕಟುವಾಗಿ ಮಾತಾಡಿದರೆ ಸಹಿಸಿಕೊಳ್ಳಿ. ಒಬ್ಬ ಸಾಲಗಾತನು ಪ್ರವಾದಿವರ್ಯರ(ಸ) ಬಳಿ ಒರಟಾಗಿ ಕೇಳಿದಾಗ ಅನುಚರರು ಸಿಟ್ಟಿಗೆದ್ದರು. ಹಕ್ಕು ಇರುವವನಿಗೆ ಮಾತಾಡುವ ಅಧಿಕಾರವಿದೆಯೆಂದು ಹೇಳಿ ಅವರನ್ನು ತಡೆದ ಪ್ರವಾದಿವರ್ಯರು(ಸ), ಅವನಿಗೆ ಬರಬೇಕಾದುದಕ್ಕಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದರು.

ಆ ಮನೆ ಏನಾಯಿತು?

2024ರ ಜುಲೈಯಲ್ಲಿ ಮಸೀದಿಯ ಕಚೇರಿಯಲ್ಲಿ ಎರಡೂ ಕಡೆಯವರು ಕುಳಿತರು. ಇಬ್ಬರು ಹಿರಿಯರು, ಒಬ್ಬ ಇಂಜಿನಿಯರ್. ಆ ಹೆಣ್ಣುಮಗಳೂ ಬಂದು ತನ್ನ ಮಾತನ್ನು ಸ್ವತಃ ಹೇಳಿದಳು. ಅಳತೆ ಮಾಡಿದಾಗ ಆಗಿರುವ ಕೆಲಸ 2,90,000 ರೂಪಾಯಿಯದ್ದೆಂದು ತೀರ್ಮಾನವಾಯಿತು. ಕೊಟ್ಟದ್ದು 4,20,000. ಅಂದರೆ 1,30,000 ಗುತ್ತಿಗೆದಾರರ ಮೇಲೆ ಸಾಲ. ಕೂಲಿಕಾರರ ಬಾಕಿ 38,000ವನ್ನು ಮನೆಯವರು ಅಲ್ಲೇ ಕೊಟ್ಟು ಅದನ್ನೂ ಆ ಸಾಲಕ್ಕೆ ಸೇರಿಸಿದರು. ಒಟ್ಟು 1,68,000. ತಿಂಗಳಿಗೆ 14,000ದಂತೆ ಹನ್ನೆರಡು ಕಂತು. ಈ ಬಾರಿ ಎಲ್ಲವನ್ನೂ ಬರೆದರು. ಸಹಿ ಹಾಕುವಾಗ ಗುತ್ತಿಗೆದಾರರ ಕಣ್ಣು ತುಂಬಿತ್ತು. "ತಂಗಿ, ಹಣ ಕಳಕೊಂಡದ್ದಕ್ಕಿಂತ ನಿನಗೆ ಸುಳ್ಳು ಹೇಳಿದ್ದೇ ನನಗೆ ಭಾರವಾಗಿದೆ" ಎಂದರು.

ಕೈಯಲ್ಲಿ ಉಳಿದ ಹಣದಿಂದ ಬೇರೊಬ್ಬ ಮೇಸ್ತ್ರಿಯ ಮೂಲಕ ಮಳೆ ಬಿಟ್ಟ ಮೇಲೆ ಸ್ಲ್ಯಾಬ್ ಮತ್ತು ಉಮ್ಮನ ಬಚ್ಚಲನ್ನು ಮಾತ್ರ ಮುಗಿಸಿದರು. ಟೈಲ್ಸ್, ಬಣ್ಣ ಇವೆಲ್ಲ ಕಂತು ಬಂದಂತೆ. ಒಂಬತ್ತು ಕಂತು ತಪ್ಪದೆ ಬಂತು. ನಂತರ ಗುತ್ತಿಗೆದಾರರು ಕಾಯಿಲೆ ಬಿದ್ದರು. 42,000 ರೂಪಾಯಿ ಬಾಕಿ ಉಳಿಯಿತು. ಮಗ ಫೋನಿನಲ್ಲಿ ಸಿಟ್ಟಾದಾಗ ಉಮ್ಮ ಹೇಳಿದರು: "ಸತಾಯಿಸುವವನು ಬೇರೆ, ಸೋತವನು ಬೇರೆ ಮಗನೇ. ಅವನಿಗೆ ಸಮಯ ಕೊಡು." ಸಂಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ವರೆಗೆ ಕಾಲಾವಕಾಶ ಕೊಡಬೇಕೆಂದೂ ಬಿಟ್ಟುಬಿಟ್ಟರೆ ಅದು ಇನ್ನೂ ಉತ್ತಮವೆಂದೂ ಕುರ್‌ಆನ್ (2:280) ಕಲಿಸಿರುವುದನ್ನೇ ಓದು ಬರಹ ತಿಳಿಯದ ಆ ತಾಯಿ ಹೇಳಿದ್ದರು. ಕಾಗದದಲ್ಲಿ ಹೊಸ ದಿನಾಂಕ ಬರೆಯಲಾಯಿತು. ಆ ಕೋಣೆಯ ನೆಲ ಇನ್ನೂ ಸಿಮೆಂಟಿನದ್ದೇ. ಆದರೆ ಉಮ್ಮ ತಮ್ಮದೇ ಮನೆಯಲ್ಲಿ ಮಲಗುತ್ತಾರೆ. ಹಾದಿಯಲ್ಲಿ ಎದುರಾದರೆ ಎರಡೂ ಮನೆಯವರು ಸಲಾಮ್ ಹೇಳುತ್ತಾರೆ.

ಮಗ ಹೇಳುವ ಒಂದು ಮಾತು ನಮಗೆಲ್ಲರಿಗೂ ಪಾಠವಾಗಲಿ: "ಒಂದು ಸಿಮ್ ಕಾರ್ಡಿಗೆ ಹತ್ತು ಕಡೆ ಸಹಿ ಹಾಕುವ ನಾನು, ಆರು ಲಕ್ಷಕ್ಕೆ ಒಂದು ಗೆರೆ ಬರೆಯಿಸಲಿಲ್ಲ."

ಮನೆಯವರೆಲ್ಲ ಕುಳಿತು ಯೋಚಿಸಿರಿ

1. ನಮ್ಮ ಮನೆಯಲ್ಲಿ ಬರೆಯದೆ ಉಳಿದಿರುವ ಸಾಲ ಅಥವಾ ಕರಾರು ಯಾವುದಾದರೂ ಇದೆಯೇ?

2. ಕೆಲಸ ಮಾಡಿ ಹೋದ ಯಾವ ಮೇಸ್ತ್ರಿ, ಬಡಗಿ, ಪ್ಲಂಬರ್‌ಗೆ ನಾವು ಇನ್ನೂ ಬಾಕಿ ಇಟ್ಟಿದ್ದೇವೆ?

3. ನಮಗೆ ಹಣ ಕೊಡಬೇಕಾದವರು ಸತಾಯಿಸುವವರೇ, ಸೋತವರೇ? ನಾವು ಅದನ್ನು ವಿಚಾರಿಸಿದ್ದೇವೆಯೇ?

4. ಈ ವಾರ ನಾವು ಎಷ್ಟು ಬಾರಿ ಮನಸ್ಸಿಲ್ಲದೆ 'ಇನ್‌ಶಾ ಅಲ್ಲಾಹ್' ಎಂದಿದ್ದೇವೆ?

ಎರಡನೆಯ ಪ್ರಶ್ನೆಗೆ ಒಂದು ಹೆಸರು ನೆನಪಾದರೆ ನಾಳೆಗೆ ಕಾಯಬೇಡಿ, ಇಂದೇ ಕೊಟ್ಟುಬಿಡಿ. ನಮ್ಮ ಮನೆಗಳನ್ನು ನೆಮ್ಮದಿಯ ತಾಣಗಳನ್ನಾಗಿಯೂ ನಮ್ಮ ಮಾತುಗಳನ್ನು ನಂಬಿಕೆಗೆ ಅರ್ಹವಾದವುಗಳನ್ನಾಗಿಯೂ ಅಲ್ಲಾಹನು ಮಾಡಲಿ. ಆಮೀನ್.